ವಿಜಯಪುರ: ಕ್ಯಾಮೆರಾ ಕಂಡ ಕಲ್ಲು, ಕೆರೆ, ಕರಿನೆಲ

ಮರಗಳು ವಿರಳವಾದ ಬಯಲು. ಎರೆಮಣ್ಣಿನ ಹೊಲಗಳ ನಡುವಿನ ರಸ್ತೆಯಲ್ಲಿ ಯಾವ ದಿಕ್ಕಿನಿಂದ ಬಂದರೂ ಊರಿಗಿಂತ ಮೊದಲು ಕಣ್ಣಿಗೆ ಬೀಳುವುದು ಗೋಳಗುಮ್ಮಟದ ದುಂಡು ನೆತ್ತಿ. ವಿಜಯಪುರಕ್ಕೆ ಬಂದ ಮೊದಲ ಛಾಯಾಗ್ರಾಹಕರಿಗೂ ಇದೇ ನೋಟ ಎದುರಾಗಿರಬೇಕು. ನಾಡಿನ ಛಾಯಾಗ್ರಹಣದ ಇತಿಹಾಸದಲ್ಲಿ ಈ ನಗರಕ್ಕೆ ಇರುವ ಸ್ಥಾನ ಸಣ್ಣದಲ್ಲ. ಕ್ಯಾಮೆರಾ ಎಂಬ ವಸ್ತು ಭಾರತಕ್ಕೆ ಬಂದು ಎರಡು ದಶಕ ತುಂಬುವುದರೊಳಗೆ ಆದಿಲ್‌ಶಾಹಿ ರಾಜಧಾನಿಯ ಕಟ್ಟಡಗಳು ಸರ್ಕಾರಿ ಆದೇಶದ ಮೇರೆಗೆ ಚಿತ್ರಿತವಾದವು. ಅಂದು ತೆಗೆದ ಚಿತ್ರಗಳು ಇಂದು ಅಲಂಕಾರಕ್ಕಷ್ಟೇ ಉಳಿದಿಲ್ಲ. ಯಾವ ಗೋಡೆ ಎಲ್ಲಿತ್ತು, ಯಾವ ಕಮಾನು ಎಂದು ಕುಸಿಯಿತು ಎಂಬುದಕ್ಕೆ ಅವೇ ಸಾಕ್ಷಿ.

ಇಂದು ಪ್ರತಿ ಪ್ರವಾಸಿಗನ ಕೈಯಲ್ಲೂ ಕ್ಯಾಮೆರಾ ಇದೆ. ಆದರೆ ವಿಜಯಪುರದ ಬಹುಪಾಲು ಚಿತ್ರಗಳು ಗೋಳಗುಮ್ಮಟದ ಎದುರಿನ ಹುಲ್ಲುಹಾಸಿನ ಆಚೆಗೆ ಹೋಗುವುದಿಲ್ಲ. ನಗರದ ಪಶ್ಚಿಮಕ್ಕೆ ತೊರವಿ ದಾಟಿ ತಿಕೋಟಾದ ದ್ರಾಕ್ಷಿ ತೋಟಗಳು, ನೈರುತ್ಯಕ್ಕೆ ಡೋಣಿ ನದಿಯ ಬಯಲು, ಬಬಲೇಶ್ವರದ ಆಚೆ ಮಮದಾಪುರದ ಕೆರೆಗಳು ಇವೆ. ಒಂದೇ ದಿನದ ಪ್ರಯಾಣದಲ್ಲಿ ವಾಸ್ತುಶಿಲ್ಪ, ಭೂದೃಶ್ಯ, ವನ್ಯಜೀವಿ ಮೂರೂ ದೊರೆಯುವ ಇಂತಹ ಪ್ರದೇಶ ಉತ್ತರ ಕರ್ನಾಟಕದಲ್ಲಿ ವಿರಳ.

ಹರಾಜಾದ ತೋಪು, ಬಂದ ಕ್ಯಾಮೆರಾ

ಔರಂಗಜೇಬನ ಸೇನೆ 1686ರಲ್ಲಿ ನಗರವನ್ನು ವಶಪಡಿಸಿಕೊಂಡ ಬಳಿಕ ಬಿಜಾಪುರ ಮೆಲ್ಲಗೆ ಹಾಳುಬಿದ್ದಿತು. 1818ರ ನಂತರ ಸತಾರಾದ ರಾಜರ ಆಡಳಿತಕ್ಕೆ ಸೇರಿದ್ದ ಪ್ರದೇಶ, ಆ ಸಂಸ್ಥಾನಕ್ಕೆ ಉತ್ತರಾಧಿಕಾರಿ ಇಲ್ಲವೆಂಬ ಕಾರಣದಿಂದ 1848ರಲ್ಲಿ ಬ್ರಿಟಿಷರ ಪಾಲಾಯಿತು. ಹಳೆಯ ಕಟ್ಟಡಗಳ ಬೆಲೆ ಹೊಸ ಆಡಳಿತಕ್ಕೆ ಎಷ್ಟು ತಿಳಿದಿತ್ತು ಎಂಬುದಕ್ಕೆ ಒಂದು ಪ್ರಸಂಗ ಸಾಕು. 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪು 1854ರಲ್ಲಿ ‘ನಿರುಪಯುಕ್ತ ವಸ್ತು’ಗಳ ಪಟ್ಟಿಗೆ ಸೇರಿ ಹರಾಜಾಯಿತು. ಬಂದ ಬೆಲೆ 150 ರೂಪಾಯಿ. ಅಧಿಕಾರಿಗಳಿಗೆ ತಡವಾಗಿ ವಿವೇಕ ಮೂಡಿ ಮಾರಾಟ ರದ್ದಾದುದರಿಂದ ತೋಪು ಉಳಿಯಿತು. ಆನೆಯನ್ನು ನುಂಗುತ್ತಿರುವ ಸಿಂಹದ ಮುಖವಿರುವ ಅದರ ಬಾಯಿ ಇಂದು ಊರಿನ ಅತ್ಯಂತ ಹೆಚ್ಚು ಚಿತ್ರಿತವಾದ ಶಿಲ್ಪಗಳಲ್ಲಿ ಒಂದು.

ಮರುವರ್ಷ, ಅಂದರೆ 1855ರಲ್ಲಿ, ಬಾಂಬೆ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಇಲ್ಲಿಗೆ ಬಂದ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಅವನನ್ನು ಪಶ್ಚಿಮ ಭಾರತದ ಪ್ರಾಚೀನ ಕಟ್ಟಡಗಳ ಛಾಯಾಗ್ರಾಹಕನನ್ನಾಗಿ ನೇಮಿಸಿತ್ತು. ಅದುವರೆಗೆ ಇಂತಹ ಕೆಲಸಕ್ಕೆ ಚಿತ್ರಕಾರರೇ ಗತಿ. ಕೈಯಿಂದ ಬರೆದ ಚಿತ್ರಕ್ಕಿಂತ ಕ್ಯಾಮೆರಾ ಅಗ್ಗ, ನಿಖರ, ಶೀಘ್ರ ಎಂಬುದು ಕಂಪನಿಯ ಲೆಕ್ಕಾಚಾರ. ಬಿಜಾಪುರದ ಜೊತೆಗೆ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನೂ ಬಿಗ್ಸ್ ಚಿತ್ರಿಸಿದ. ವರ್ಷ ಮುಗಿಯುವ ಹೊತ್ತಿಗೆ ಅವನಿಗೆ ಸೇನೆಗೆ ಮರಳಲು ಆದೇಶ ಬಂತು. ಅವನ ಜಾಗಕ್ಕೆ ಡಾ. ವಿಲಿಯಂ ಪಿಗೌ ನೇಮಕಗೊಂಡ.

ಬಿಗ್ಸ್ ಬಳಸಿದ್ದು ಕಾಗದದ ನೆಗೆಟಿವ್. ಬೆಳಕಿಗೆ ಅದು ಮಂದವಾಗಿ ಸ್ಪಂದಿಸುತ್ತಿದ್ದುದರಿಂದ ಒಂದು ಚಿತ್ರಕ್ಕೆ ಹಲವು ನಿಮಿಷ ಕ್ಯಾಮೆರಾದ ಬಾಯಿ ತೆರೆದಿರಬೇಕಿತ್ತು. ಕದಲದ ಕಲ್ಲು ಅದರಲ್ಲಿ ಸ್ಪಷ್ಟವಾಗಿ ಮೂಡುತ್ತದೆ. ನಡೆದುಹೋಗುವ ಮನುಷ್ಯ, ಅಲೆಯುವ ದನ, ಅಲುಗುವ ಎಲೆ ಮಾಯವಾಗುತ್ತವೆ. ಆ ಕಾಲದ ಚಿತ್ರಗಳಲ್ಲಿ ಬಿಜಾಪುರ ನಿರ್ಜನ ನಗರದಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಊರು ಕ್ಷೀಣಿಸಿತ್ತು ನಿಜ, ಆದರೆ ಖಾಲಿಯಾಗಿರಲಿಲ್ಲ. ಹಳೆಯ ಚಿತ್ರವನ್ನು ಇತಿಹಾಸದ ದಾಖಲೆಯಾಗಿ ಓದುವವರು ಈ ಮಿತಿಯನ್ನು ಮರೆಯಬಾರದು.

ಈ ಚಿತ್ರಗಳು 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಸಂಸ್ಥೆಯಿಂದ ಗ್ರಂಥರೂಪದಲ್ಲಿ ಹೊರಬಂದವು. ಅಹಮದಾಬಾದ್, ಬಿಜಾಪುರ, ಧಾರವಾಡ-ಮೈಸೂರು ಎಂದು ಮೂರು ಸಂಪುಟಗಳು. ಮುಂಬಯಿಯ ಭಾರತೀಯ ವರ್ತಕರ ಧನಸಹಾಯ. ಬಿಜಾಪುರದ ಸಂಪುಟದಲ್ಲಿ ಬಿಗ್ಸ್ ಮತ್ತು ಮೇಜರ್ ಲಾಕ್ ತೆಗೆದ ಚಿತ್ರಗಳ ಜೊತೆಗೆ ಕ್ಯಾಪ್ಟನ್ ಹಾರ್ಟ್, ಕಮಿಂಗ್ ಹಾಗೂ ದೇಶೀಯ ನಕ್ಷೆಗಾರರು ಬರೆದ ರೇಖಾಚಿತ್ರಗಳ ಛಾಯಾಪ್ರತಿಗಳೂ ಇವೆ. ಆ ದೇಶೀಯ ನಕ್ಷೆಗಾರರನ್ನು ಮುಖಪುಟ ಹೆಸರಿಸದೆ ಒಟ್ಟಾಗಿ ಸೂಚಿಸಿ ಸುಮ್ಮನಾಗುತ್ತದೆ. ಇತಿಹಾಸ ಭಾಗವನ್ನು ಬರೆದವನು ಕನ್ನಡಿಗರಿಗೆ ಸುರಪುರದ ಕಾರಣದಿಂದ ಪರಿಚಿತನಾದ ಮೆಡೋಸ್ ಟೇಲರ್. ವಾಸ್ತುಶಿಲ್ಪದ ಟಿಪ್ಪಣಿ ಜೇಮ್ಸ್ ಫರ್ಗುಸನ್‌ನದು. ಗೋಳಗುಮ್ಮಟದ ರಚನಾಕೌಶಲವನ್ನು ಯುರೋಪಿನ ವಿದ್ವಾಂಸರಿಗೆ ಮನಗಾಣಿಸಿದವರಲ್ಲಿ ಫರ್ಗುಸನ್ ಪ್ರಮುಖ.

ಮುಂದಿನ ದೊಡ್ಡ ಹೆಸರು ಪುರಾತತ್ತ್ವ ಇಲಾಖೆಯ ಹೆನ್ರಿ ಕಸಿನ್ಸ್. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂದಾಗ ಕಚೇರಿಗಳಿಗೆ ಕಟ್ಟಡಗಳು ಬೇಕಾದವು. ಚೀನಿ ಮಹಲ್ ಕಲೆಕ್ಟರರ ಕಚೇರಿಯಾಯಿತು, ಬುಖಾರಿ ಮಸೀದಿಯಲ್ಲಿ ಅಂಚೆ ಕಚೇರಿ ಕುಳಿತಿತು, ಗೋಳಗುಮ್ಮಟದ ಮಗ್ಗುಲಿನ ಮಸೀದಿ ಪ್ರವಾಸಿ ಬಂಗಲೆಯಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೈಸರಾಯ್ ಕರ್ಜನ್ ಕಾಲಕ್ಕೆ ಇಂತಹ ಬಳಕೆಗಳಿಗೆ ತಡೆ ಬಿದ್ದಿತು. ಈ ಬದಲಾವಣೆಗಳ ನಡುವೆಯೇ ಕೆಲಸ ಮಾಡಿದ ಕಸಿನ್ಸ್ 1916ರಲ್ಲಿ ಪ್ರಕಟಿಸಿದ ಬಿಜಾಪುರ ವಾಸ್ತುಶಿಲ್ಪದ ಬೃಹತ್ ಗ್ರಂಥ, ಅದರ ಚಿತ್ರಫಲಕಗಳು ಮತ್ತು ಅಳತೆಯ ನಕ್ಷೆಗಳ ಕಾರಣದಿಂದ ಇಂದಿಗೂ ಮೂಲ ಆಕರ. ನಗರದಿಂದ ಪೂರ್ವಕ್ಕಿರುವ ಕುಮಟಗಿಯ ಬೇಸಿಗೆ ಅರಮನೆಯ ಉದಾಹರಣೆಯನ್ನೇ ನೋಡಬಹುದು. ಅಲ್ಲಿನ ಗೋಡೆಗಳ ಮೇಲೆ ಕುಸ್ತಿಪಟುಗಳು, ಕುದುರೆಯೇರಿ ಚೆಂಡಾಡುವವರು ಮೊದಲಾದ ವರ್ಣಚಿತ್ರಗಳಿದ್ದವು. ಇಂದು ಅವುಗಳಲ್ಲಿ ಬಹಳಷ್ಟು ಮಾಸಿವೆ. ಅಲ್ಲಿ ಏನಿತ್ತು ಎಂದು ತಿಳಿಯಲು ಗೋಡೆಗಿಂತ ಕಸಿನ್ಸ್‌ನ ಪುಟಗಳೇ ಹೆಚ್ಚು ನೆರವಾಗುತ್ತವೆ.

ಬೆಳಕಿನ ಲೆಕ್ಕ

ವಿಜಯಪುರದ ಸ್ಮಾರಕಗಳನ್ನು ಚಿತ್ರಿಸುವವರು ಮೊದಲು ತಿಳಿಯಬೇಕಾದದ್ದು ಕ್ಯಾಮೆರಾದ ವಿಷಯವಲ್ಲ, ಪಂಚಾಂಗದ ವಿಷಯ. ನಗರ ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಸೂರ್ಯ ದಿನವಿಡೀ ನೆತ್ತಿಯಿಂದ ಉತ್ತರಕ್ಕೇ ಚಲಿಸುತ್ತಾನೆ. ಗೋಳಗುಮ್ಮಟದ ಮುಖ್ಯ ಮುಂಭಾಗ ಬಹುಮಟ್ಟಿಗೆ ದಕ್ಷಿಣಾಭಿಮುಖ. ಆದ್ದರಿಂದ ಈ ಮೂರು ತಿಂಗಳು ಪ್ರವಾಸಿಗರು ನಿಂತು ನೋಡುವ ಮುಂಭಾಗಕ್ಕೆ ನೇರ ಬಿಸಿಲೇ ಬೀಳುವುದಿಲ್ಲ. ಕಲ್ಲು ಸಪ್ಪೆಯಾಗಿ, ಹಿಂದಿನ ಆಕಾಶ ಬೆಳ್ಳಗೆ ಕಾಣುತ್ತದೆ. ಬೇಸಿಗೆ ರಜೆಯಲ್ಲಿ ಬಂದವರ ಚಿತ್ರಗಳು ಕಳೆಗುಂದಲು ಕಾರಣ ಇದೇ ಹೊರತು ಕ್ಯಾಮೆರಾದ ದೋಷವಲ್ಲ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುವಾಗ ಅದೇ ಗೋಡೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲಿನಲ್ಲಿ ಇರುತ್ತದೆ. ಬೆಳಗ್ಗೆ ಬಲಗಡೆಯಿಂದ, ಸಂಜೆ ಎಡಗಡೆಯಿಂದ ಬೀಳುವ ಓರೆ ಬೆಳಕಿನಲ್ಲಿ ನಾಲ್ಕು ಮೂಲೆಗಳ ಏಳಂತಸ್ತಿನ ಗೋಪುರಗಳ ಕಿಟಕಿಸಾಲು, ಕಪೋತದ ಕೆಳಗಿನ ಬೋದಿಗೆಗಳು ಎದ್ದು ಕಾಣುತ್ತವೆ.

ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿ 1656ರ ಹೊತ್ತಿಗೆ ಈಗಿನ ರೂಪ ಪಡೆಯಿತು. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಒಳಗಿನ ಚೌಕ ಕೋಣೆಯ ಒಂದೊಂದು ಬದಿ ಸುಮಾರು 41 ಮೀಟರ್. ಹಾಸಿದ ನೆಲ 18,000 ಚದರಡಿಗೂ ಹೆಚ್ಚು, ಅಂದರೆ ರೋಮಿನ ಪ್ಯಾಂಥಿಯಾನ್‌ಗಿಂತಲೂ ವಿಶಾಲ. ನಡುವೆ ಒಂದೂ ಕಂಬವಿಲ್ಲ. ಚೌಕದ ಗೋಡೆಗಳಿಂದ ಎದ್ದ ಎಂಟು ಕಮಾನುಗಳು ಒಂದನ್ನೊಂದು ಹೆಣೆದುಕೊಂಡು ಗುಮ್ಮಟದ ದುಂಡು ಬುಡಕ್ಕೆ ಆಸರೆಯಾಗುತ್ತವೆ. ಕಟ್ಟಡದ ನಿಜವಾದ ಚಿತ್ರ ಇರುವುದು ಇಲ್ಲಿ. ಹೊರಗಿನ ನೋಟವನ್ನು ಎಲ್ಲರೂ ಸೆರೆಹಿಡಿಯುತ್ತಾರೆ. ನೆಲದ ಮಧ್ಯದಲ್ಲಿ ನಿಂತು ಅಗಲ ನೋಟದ ಲೆನ್ಸನ್ನು ನೇರ ಮೇಲಕ್ಕೆ ತಿರುಗಿಸಿ ಕಮಾನುಗಳ ಹೆಣಿಗೆಯನ್ನು ಹಿಡಿಯುವವರು ಕಡಿಮೆ. ಗುಮ್ಮಟದ ಬುಡದ ಸಣ್ಣ ಬಾಗಿಲುಗಳಿಂದ ಬರುವ ಬೆಳಕು ಮಂದವಾದ್ದರಿಂದ ಕೈ ನಡುಗದಂತೆ ನಿಲ್ಲುವುದೇ ಸವಾಲು. ಫ್ಲಾಶ್‌ನಿಂದ ಪ್ರಯೋಜನವಿಲ್ಲ, ಅಷ್ಟು ಎತ್ತರಕ್ಕೆ ಅದರ ಬೆಳಕು ತಲುಪುವುದೇ ಇಲ್ಲ.

ಹೊರಗಿನ ನೋಟಕ್ಕೆ ಒಂದು ತೊಡಕಿದೆ. ಎದುರಿನ ನಗಾರಿಖಾನೆ, ಅಂದರೆ ಈಗಿನ ವಸ್ತುಸಂಗ್ರಹಾಲಯ, ದೂರದಿಂದ ನೋಡುವವರಿಗೆ ಗುಮ್ಮಟದ ಕೆಳಭಾಗವನ್ನು ಮರೆಮಾಡುತ್ತದೆ. ಹತ್ತಿರ ಹೋದರೆ ಕ್ಯಾಮೆರಾವನ್ನು ಮೇಲಕ್ಕೆ ಎತ್ತಲೇಬೇಕು, ಆಗ ಗೋಡೆಗಳು ಹಿಂದಕ್ಕೆ ವಾಲಿದಂತೆ ಕಾಣುತ್ತವೆ. ಸರಿಯಾದ ಪ್ರಮಾಣದಲ್ಲಿ ಗೋಳಗುಮ್ಮಟವನ್ನು ನೋಡಬೇಕೆಂದರೆ ಅದರಿಂದ ದೂರ ಸರಿಯಬೇಕು. ನಗರದ ಪಶ್ಚಿಮ ಭಾಗದ ಉಪಲಿ ಬುರುಜು ಇದಕ್ಕೆ ಹೇಳಿಮಾಡಿಸಿದ ಜಾಗ. ಹೈದರ್ ಖಾನ್ ಸುಮಾರು 1584ರಲ್ಲಿ ಕಟ್ಟಿಸಿದ, 80 ಅಡಿ ಎತ್ತರದ ಈ ದುಂಡು ಬುರುಜಿಗೆ ಹೊರಗಿನಿಂದ ಸುತ್ತುಮೆಟ್ಟಿಲಿದೆ. ಮೇಲೆ 9 ಮೀಟರಿಗೂ ಉದ್ದದ ತೋಪೊಂದು ಮಲಗಿದೆ. ಸಂಜೆಯ ಸೂರ್ಯ ಬೆನ್ನ ಹಿಂದಿರುವಾಗ ಪೂರ್ವಕ್ಕೆ ನೋಡಿದರೆ ಮನೆಗಳ ಮಾಳಿಗೆ, ಬೇವಿನ ಮರ, ಮಿನಾರುಗಳ ಆಚೆ ಗುಮ್ಮಟ ಇಡಿಯಾಗಿ ನಿಲ್ಲುತ್ತದೆ. ಅದು ಊರಿಗಿಂತ ಎಷ್ಟು ದೊಡ್ಡದು ಎಂಬುದು ಮನವರಿಕೆಯಾಗುವುದು ಅಲ್ಲಿಂದಲೇ.

ಇಬ್ರಾಹಿಂ ರೋಜಾದ ಸ್ವಭಾವ ಬೇರೆ. ಗೋಳಗುಮ್ಮಟ ಗಾತ್ರದಿಂದ ಗೆಲ್ಲುತ್ತದೆ, ಇದು ಕುಸುರಿಯಿಂದ. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ, ಅವನ ರಾಣಿ ತಾಜ್ ಸುಲ್ತಾನಳಿಗಾಗಿ ಆರಂಭವಾಗಿ ಕೊನೆಗೆ ದೊರೆಯ ಸಮಾಧಿಯೂ ಆದ ಈ ಕಟ್ಟಡದ ನಿರ್ಮಾಣದಲ್ಲಿ ಮಲಿಕ್ ಸಂದಲ್‌ನ ಹೆಸರು ಶಾಸನದಲ್ಲೇ ಇದೆ. ಒಂದೇ ಜಗಲಿಯ ಮೇಲೆ ಪೂರ್ವಕ್ಕೆ ಸಮಾಧಿ, ಪಶ್ಚಿಮಕ್ಕೆ ಮಸೀದಿ, ನಡುವೆ ಕಾರಂಜಿಯ ಕೊಳ. ಎರಡೂ ಮುಖಾಮುಖಿ. ಹೀಗಾಗಿ ಬೆಳಗಿನ ಬೆಳಕು ಮಸೀದಿಯ ಮುಖಕ್ಕೆ, ಸಂಜೆಯ ಬೆಳಕು ಸಮಾಧಿಯ ಮುಖಕ್ಕೆ ಸಲ್ಲುತ್ತದೆ. ಒಂದೇ ಭೇಟಿಯಲ್ಲಿ ಎರಡನ್ನೂ ಮುಗಿಸಹೊರಟರೆ ಒಂದಾದರೂ ನೆರಳಿನಲ್ಲಿ ಉಳಿಯುತ್ತದೆ. ಸಮಾಧಿಯ ಗೋಡೆಗಳ ಅಕ್ಷರಶಿಲ್ಪ, ಕಲ್ಲನ್ನು ಕೊರೆದು ಅಕ್ಷರಗಳನ್ನೇ ಜಾಲಂಧ್ರವಾಗಿಸಿದ ಕಿಟಕಿಗಳು ನಿಧಾನವಾದ ನೋಟವನ್ನು ಬೇಡುತ್ತವೆ. ಇಲ್ಲಿ ಅಗಲ ನೋಟದ ಲೆನ್ಸಿಗಿಂತ ಸಣ್ಣ ವಿವರವನ್ನು ಹತ್ತಿರ ತರುವ ಲೆನ್ಸ್ ಹೆಚ್ಚು ಉಪಯುಕ್ತ.

ಜಾಮಿಯಾ ಮಸೀದಿಯ ಪ್ರಾರ್ಥನಾ ಮಂದಿರದ ಮುಖ ಪೂರ್ವಕ್ಕಿರುವುದರಿಂದ ಮುಂಜಾನೆಯೇ ಸೂಕ್ತ ಸಮಯ. ಒಂದನೆಯ ಅಲಿ ಆದಿಲ್ ಶಾಹ ಆರಂಭಿಸಿದ ಈ ಮಸೀದಿ ಇಂದಿಗೂ ನಿತ್ಯ ಪ್ರಾರ್ಥನೆಯ ಸ್ಥಳ ಎಂಬುದನ್ನು ನೆನಪಿಡಬೇಕು. ನಮಾಜಿನ ವೇಳೆ ಕ್ಯಾಮೆರಾ ಚೀಲದಲ್ಲೇ ಇರುವುದು ಲೇಸು. ಆಸಾರ್ ಮಹಲಿನ ಎತ್ತರದ ಮರದ ಕಂಬಗಳೂ ಮುಂದಿನ ಕೊಳವೂ ಪೂರ್ವ ದಿಕ್ಕಿಗೇ ತೆರೆದುಕೊಂಡಿವೆ. ಇದಕ್ಕೆ ವ್ಯತಿರಿಕ್ತವಾಗಿ ಬಾರಾಕಮಾನಿಗೆ ಸೂರ್ಯಾಸ್ತ ಬೇಕು. ಎರಡನೆಯ ಅಲಿ ಆದಿಲ್ ಶಾಹ 1672ರಲ್ಲಿ ತೀರಿಕೊಂಡಾಗ ಅವನ ಸಮಾಧಿ ಅಪೂರ್ಣವಾಗಿಯೇ ಉಳಿಯಿತು. ಛಾವಣಿಯಿಲ್ಲದ ಕಪ್ಪು ಕಲ್ಲಿನ ಕಮಾನುಗಳ ಹಿಂದೆ ಆಕಾಶ ಕೆಂಪಾಗುವ ಹೊತ್ತು ಛಾಯಾಗ್ರಾಹಕರ ಗುಂಪೇ ಸೇರುತ್ತದೆ. ಮೆಹತರ್ ಮಹಲಿನ ಹೆಬ್ಬಾಗಿಲಿನ ಕಲ್ಲಿನ ಬೋದಿಗೆಗಳು ಮರದ ಕೆತ್ತನೆಯಷ್ಟು ನವಿರು. ಆದರೆ ಇಕ್ಕಟ್ಟಾದ ಬೀದಿ, ಅಡ್ಡಬರುವ ವಿದ್ಯುತ್ ತಂತಿಗಳ ನಡುವೆ ಅದರ ಒಳ್ಳೆಯ ಚಿತ್ರ ತೆಗೆದವನು ನಿಜಕ್ಕೂ ಪಳಗಿದವನೇ ಸರಿ.

ನೀರಿನ ಕಟ್ಟಡಗಳು

ಬಹುಕಾಲ ಕ್ಯಾಮೆರಾಗಳು ಕಡೆಗಣಿಸಿದ ಇನ್ನೊಂದು ಬಿಜಾಪುರವಿದೆ. ಅದು ನೆಲಮಟ್ಟದಿಂದ ಕೆಳಗಿದೆ. ಮಳೆ ಕಡಿಮೆಯಾದ ಈ ಬಯಲಿನಲ್ಲಿ ರಾಜಧಾನಿಯನ್ನು ಸಾಕಲು ಆದಿಲ್‌ಶಾಹಿಗಳು ತೊರವಿ ಕಡೆಯಿಂದ ಸುರಂಗ ಕಾಲುವೆ, ಬೇಗಂ ತಲಾಬಿನಿಂದ ಕೊಳವೆಮಾರ್ಗ, ಊರೊಳಗೆ ಗಂಜ್ ಎಂಬ ನೀರಿನ ಗೋಪುರಗಳು, ಅಲ್ಲಲ್ಲಿ ಬಾವಡಿಗಳನ್ನು ಕಟ್ಟಿಸಿದರು. 1620ರ ತಾಜ್ ಬಾವಡಿಯ ಹೆಬ್ಬಾಗಿಲಿನ ಕಮಾನು, ಇಕ್ಕೆಲದ ಎಂಟುಮೂಲೆಯ ಗೋಪುರಗಳು ಒಂದು ಅರಮನೆಯ ಘನತೆಗೆ ಕಡಿಮೆಯಿಲ್ಲ. ದಶಕಗಳ ಕಾಲ ಕಸ, ಹೂಳು, ಮೂರ್ತಿ ವಿಸರ್ಜನೆಯ ಅವಶೇಷಗಳಿಂದ ತುಂಬಿದ್ದ ಈ ಬಾವಡಿಯನ್ನು 2017ರ ಸುಮಾರಿಗೆ ನಡೆದ ಅಭಿಯಾನದಲ್ಲಿ ಇತರ ಹಲವು ಬಾವಡಿಗಳೊಂದಿಗೆ ಸ್ವಚ್ಛಗೊಳಿಸಲಾಯಿತು. ತೊರವಿ ಬಳಿಯ ಸುರಂಗ ಬಾವಡಿ ದಖ್ಖನ್ ಪ್ರಸ್ಥಭೂಮಿಯ ಐತಿಹಾಸಿಕ ಜಲವ್ಯವಸ್ಥೆಯ ಭಾಗವಾಗಿ ವಿಶ್ವ ಸ್ಮಾರಕ ನಿಧಿಯ 2020ರ ಪಟ್ಟಿಗೆ ಸೇರಿತು. ಜಗತ್ತಿನಾದ್ಯಂತ 25 ತಾಣಗಳನ್ನಷ್ಟೇ ಆರಿಸಿದ ಪಟ್ಟಿ ಅದು.

ತೊರವಿಯಲ್ಲೇ ಇಬ್ರಾಹಿಮನ ನವರಸಪುರದ ಅವಶೇಷಗಳಿವೆ. 1599ರಲ್ಲಿ ಕಟ್ಟತೊಡಗಿದ ಈ ಹೊಸ ನಗರವನ್ನು 1624ರಲ್ಲಿ ಮಲಿಕ್ ಅಂಬರ್‌ನ ಸೇನೆ ಹಾಳುಗೆಡವಿತು. ಸಂಗೀತ ಮಹಲಿನ ಎತ್ತರದ ಕಮಾನು ಇಂದು ಹೊಲಗಳ ನಡುವೆ ನಿಂತಿದೆ. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ನರಸಿಂಹನ ಸನ್ನಿಧಿಯೂ ಇದೇ ಊರಿನದು. ಹತ್ತಿರದ ಸಾಠ್ ಕಬರ್ ಎಂಬ ಸ್ಥಳದಲ್ಲಿ ಒಂದೇ ಅಳತೆಯ ಗೋರಿಗಳು ಸಾಲಾಗಿ ಮಲಗಿವೆ. ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮುನ್ನ ಅಫಜಲ್ ಖಾನ್ ತನ್ನ ಪತ್ನಿಯರನ್ನು ಕೊಲ್ಲಿಸಿದನೆಂಬ ಕಥೆ ಈ ಗೋರಿಗಳಿಗೆ ಅಂಟಿಕೊಂಡಿದೆ. ಕಥೆಯ ಸತ್ಯಾಸತ್ಯ ಏನೇ ಇರಲಿ, ಅಲ್ಲಿಯ ಮೌನ ಚಿತ್ರದಲ್ಲಿ ಇಳಿಯುತ್ತದೆ.

ತಿಕೋಟಾ, ಬಬಲೇಶ್ವರದ ಬಯಲು

ಹಿಂದೆ ವಿಜಯಪುರ ತಾಲೂಕಿಗೆ ಸೇರಿದ್ದು 2017-18ರಲ್ಲಿ ಪ್ರತ್ಯೇಕ ತಾಲೂಕುಗಳಾದ ತಿಕೋಟಾ ಮತ್ತು ಬಬಲೇಶ್ವರ ಪ್ರವಾಸಿ ಕೈಪಿಡಿಗಳಲ್ಲಿ ಹೆಚ್ಚಾಗಿ ಕಾಣಸಿಗುವುದಿಲ್ಲ. ಭೂದೃಶ್ಯದ ಛಾಯಾಗ್ರಾಹಕನಿಗೆ ಅದೇ ಅನುಕೂಲ. ಅಥಣಿ ರಸ್ತೆಯಲ್ಲಿ ಸುಮಾರು 20 ಕಿ.ಮೀ. ಸಾಗಿದರೆ ತಿಕೋಟಾ. ಸುತ್ತಲೂ ದ್ರಾಕ್ಷಿ, ದಾಳಿಂಬೆ ತೋಟಗಳು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣದ್ರಾಕ್ಷಿಯ ಕಾಲ. ಜನರ ಬಾಯಲ್ಲಿ ಅದು ಮಣೂಕ. ಉದ್ದನೆಯ ಶೆಡ್‌ಗಳಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ದ್ರಾಕ್ಷಿಗೊನೆಗಳು ಹಸಿರಿನಿಂದ ಹೊಂಬಣ್ಣಕ್ಕೆ ತಿರುಗುತ್ತವೆ. ನೆರಳುಬಲೆಯ ಮೂಲಕ ಸೋಸಿಬರುವ ಬೆಳಕು, ಕಾಯಿ ಬಿಡಿಸುತ್ತ ಸಾಲಾಗಿ ಕುಳಿತ ಹೆಣ್ಣುಮಕ್ಕಳು ಇರುವ ಈ ದೃಶ್ಯ ಗೋಳಗುಮ್ಮಟದಷ್ಟೇ ಈ ನೆಲದ ಗುರುತು. ಆದರೆ ಅದು ದುಡಿಮೆಯ ಜಾಗ. ತೋಟದವರನ್ನೂ ಕೆಲಸದವರನ್ನೂ ಕೇಳಿಯೇ ಕ್ಯಾಮೆರಾ ಎತ್ತಬೇಕು. ಅಕಾಲಿಕ ಮಳೆ ಬಿದ್ದ ವಾರದಲ್ಲಿ ಅದೇ ಶೆಡ್‌ನಲ್ಲಿ ರೈತ ವರ್ಷದ ಗಳಿಕೆ ಕಪ್ಪಾಗುವುದನ್ನು ನೋಡುತ್ತ ನಿಂತಿರುತ್ತಾನೆ.

ಬಬಲೇಶ್ವರ ಜಮಖಂಡಿ ರಸ್ತೆಯಲ್ಲಿ ಸುಮಾರು 25 ಕಿ.ಮೀ. ದೂರದಲ್ಲಿದೆ. ದಾರಿಯಲ್ಲಿ ದಾಟುವ ಡೋಣಿ ನದಿ ಮಹಾರಾಷ್ಟ್ರದ ಜತ್ತ ಭಾಗದಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರುತ್ತದೆ. ನೀರು ಉಪ್ಪು, ದಂಡೆಯ ಎರೆಮಣ್ಣು ಬಂಗಾರ. ಡೋಣಿ ಬೆಳೆದರೆ ಓಣಿ ತುಂಬ ಕಾಳೆಂಬ ಮಾತು ಈ ಭಾಗದಲ್ಲಿ ಮಕ್ಕಳಿಗೂ ಗೊತ್ತು. ಮಳೆ ಹೆಚ್ಚಾದ ವರ್ಷ ಹೂಳು ತುಂಬಿದ ಪಾತ್ರ ಉಕ್ಕಿ ಸಾರವಾಡದ ಸುತ್ತಿನ ಹೊಲಗಳು ಮುಳುಗುವುದೂ ಅಷ್ಟೇ ಗೊತ್ತು. ಡಿಸೆಂಬರ್–ಜನವರಿಯಲ್ಲಿ ಬಿಳಿಜೋಳ ಆಳೆತ್ತರ ನಿಂತು, ನಡುನಡುವೆ ಕುಸುಬಿ ಹೂಬಿಟ್ಟಾಗ ಈ ಬಯಲಿನ ಬಣ್ಣವೇ ಬೇರೆ. ಎಳ್ಳ ಅಮಾವಾಸ್ಯೆಯಂದು ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತವೆ. ಹೊರಗಿನ ಅತಿಥಿಗೂ ಒಂದು ಎಲೆ ಹಾಕುವ ಊರುಗಳಿವು. ಮೊದಲು ಊಟ, ನಂತರ ಚಿತ್ರ ಎಂಬ ಕ್ರಮವನ್ನು ಪಾಲಿಸಿದವನಿಗೆ ಎರಡೂ ಚೆನ್ನಾಗಿ ದೊರೆಯುತ್ತವೆ.

ದಾಸಸಾಹಿತ್ಯದ ಮಹಿಪತಿದಾಸರಿಂದ ಹೆಸರಾದ ಕಾಖಂಡಕಿ ಇದೇ ಬಬಲೇಶ್ವರ ತಾಲೂಕಿನದು. ಕಾರಹುಣ್ಣಿಮೆಯ ನಂತರ ಇಲ್ಲಿ ನಡೆಯುವ ಕರಿ ಹಬ್ಬದಲ್ಲಿ ಓಡಿಬರುವ ಹೋರಿಗಳನ್ನು ಹಿಡಿಯಲು ಯುವಕರು ಮುನ್ನುಗ್ಗುತ್ತಾರೆ. ರೋಮಾಂಚಕ ಚಿತ್ರದ ಆಸೆಗೆ ಬೀದಿಗಿಳಿಯುವ ಛಾಯಾಗ್ರಾಹಕನಿಗೆ ಕೊಂಬಿನ ಮುಂದೆ ವಿನಾಯಿತಿ ಇಲ್ಲ. ಮಾಳಿಗೆಯ ಮೇಲಿನಿಂದ ಉದ್ದ ನೋಟದ ಲೆನ್ಸ್ ಬಳಸುವುದೇ ಬುದ್ಧಿವಂತಿಕೆ. ಗೆಳೆಯರ ಮಾಳಿಗೆ ಇದ್ದರೆ ಇನ್ನೂ ಉತ್ತಮ, ಏಕೆಂದರೆ ಆ ದಿನ ಅಲ್ಲಿ ಜಾಗ ಸಿಗುವುದು ಸುಲಭವಲ್ಲ.

ಇನ್ನೂ ಮುಂದೆ ಮಮದಾಪುರ. ಮುಹಮ್ಮದ್ ಆದಿಲ್ ಶಾಹನ ಹೆಸರನ್ನೇ ಹೊತ್ತ ಈ ಊರಿನ ದೊಡ್ಡ ಕೆರೆ, ಸಣ್ಣ ಕೆರೆಗಳು 1633ರ ಸುಮಾರಿನವು. ದೀರ್ಘಕಾಲ ಮಳೆಯನ್ನೇ ನಂಬಿ ಒಣಗುತ್ತಿದ್ದ ಇಂತಹ ಕೆರೆಗಳಿಗೆ ಕಳೆದ ದಶಕದಲ್ಲಿ ಏತ ನೀರಾವರಿ ಯೋಜನೆಗಳ ಮೂಲಕ ಕೃಷ್ಣೆಯ ನೀರು ಹರಿಯಿತು. ನೀರಿನ ಜೊತೆ ಹಕ್ಕಿಗಳೂ ಬಂದವು. ಆದರೆ ನೀರು ತಂದ ಬದಲಾವಣೆ ಏಕಮುಖವಲ್ಲ. ಹಿಂದೆ ಕುರುಚಲು ಹುಲ್ಲು ಬೆಳೆಯುತ್ತಿದ್ದ ಮಡ್ಡಿ ನೆಲ ಕಬ್ಬು, ದ್ರಾಕ್ಷಿಗಳಿಗೆ ತಿರುಗಿದೆ. ರೈತನಿಗೆ ಅದು ನೆಮ್ಮದಿ. ಆ ಹುಲ್ಲನ್ನೇ ನಂಬಿದ್ದ ಚಿಗರಿಗೆ ಅದು ಮೇವಿನ ನಷ್ಟ.

ಚಿಗರಿ ಮತ್ತು ಕಾನೂನು

ಕೃಷ್ಣಮೃಗವನ್ನು ಈ ಭಾಗದವರು ಚಿಗರಿ ಎನ್ನುತ್ತಾರೆ. ದಟ್ಟ ಕಾಡಿಲ್ಲದ ವಿಜಯಪುರ ಜಿಲ್ಲೆಯ ವನ್ಯಜೀವಿಗಳೆಂದರೆ ಬಯಲು ಸೀಮೆಯವೇ: ಚಿಗರಿ, ತೋಳ, ನರಿ, ನವಿಲು, ನೆಲದಲ್ಲಿ ಗೂಡು ಮಾಡುವ ಹಕ್ಕಿಗಳು. ಕೃಷ್ಣೆಯ ಆಚೆ ಬಾಗಲಕೋಟೆ ಜಿಲ್ಲೆಯಲ್ಲಿ ಯಡಹಳ್ಳಿ ಚಿಂಕಾರ ಧಾಮ ಇದೆ. ಹೊಲಗಳಲ್ಲಿ ಅಲೆಯುವ ಚಿಗರಿಗೆ ಅಂತಹ ಗಡಿ ಇಲ್ಲ. ಬಿತ್ತಿದ ಪೈರನ್ನು ಅದು ಮೇಯುತ್ತದೆ, ರೈತ ಸಿಟ್ಟಾಗುತ್ತಾನೆ. ಇವರಿಬ್ಬರ ನಡುವೆ ಮೋಟಾರ್ ಸೈಕಲ್ ಏರಿ ಬರುವ ಛಾಯಾಗ್ರಾಹಕ ಮೂರನೆಯವನು. ಜಿಗಿಯುವ ಹಿಂಡಿನ ಚಿತ್ರಕ್ಕಾಗಿ ವಾಹನದಲ್ಲಿ ಅಟ್ಟಿಸಿಕೊಂಡು ಹೋಗುವ ಚಟ ಹೊಸದೇನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಇದು. ಪ್ರಾಣಿಯನ್ನು ಅಟ್ಟುವುದು, ಆಮಿಷ ಒಡ್ಡುವುದು ಕೂಡ ಆ ಕಾಯ್ದೆಯ ‘ಬೇಟೆ’ಯ ವ್ಯಾಖ್ಯೆಯಲ್ಲೇ ಬರುತ್ತವೆ. ಕೈಯಲ್ಲಿರುವುದು ಬಂದೂಕಲ್ಲ, ಕ್ಯಾಮೆರಾ ಎಂಬ ಸಮಜಾಯಿಷಿ ಅಲ್ಲಿ ನಡೆಯದು.

ಕರ್ನಾಟಕದ ಹಿರಿಯರು ಬೇರೆ ದಾರಿ ತೋರಿಸಿದ್ದಾರೆ. ಸಂಡೂರಿನ ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಫಿಲ್ಮಿನ ಕಾಲದಲ್ಲಿ ಗಳಿಸಿದ ಹೆಸರು ಕಾಯುವಿಕೆಯಿಂದ ಬಂದದ್ದು. ಬಯಲಿನಲ್ಲಿ ಮರೆಯಿಲ್ಲ, ಎದ್ದು ನಿಂತ ಮನುಷ್ಯ ಚಿಗರಿಗೆ ಬಹುದೂರದಿಂದಲೇ ಕಾಣುತ್ತಾನೆ. ಬದುವಿನ ಹಿಂದೆ ಕುಳಿತು, ಗಾಳಿಯ ದಿಕ್ಕು ನೋಡಿ, ಹಿಂಡು ತಾನಾಗಿ ಹತ್ತಿರ ಬರುವವರೆಗೆ ಅಲುಗದಿರುವುದೇ ಪರಿಹಾರ. ಬೆಳಗಿನ ಮೊದಲ ಗಂಟೆ ಕಳೆದರೆ ಎರೆನೆಲದ ಬಿಸಿಗಾಳಿ ಉದ್ದ ಲೆನ್ಸಿನ ಚಿತ್ರವನ್ನು ನಡುಗಿಸಿ ಹಾಳುಮಾಡುತ್ತದೆ ಎಂಬುದೂ ತಿಳಿದಿರಬೇಕು. ಗೂಡಿನಲ್ಲಿರುವ ಹಕ್ಕಿಯ ಚಿತ್ರವನ್ನು ಬಿಟ್ಟುಬಿಡುವುದೇ ಒಳ್ಳೆಯದು. ತಾಯಿಹಕ್ಕಿ ಹೆದರಿ ಹಾರಿದ ಅಷ್ಟು ಹೊತ್ತಿನಲ್ಲೇ ನೆಲದ ಮೇಲಿನ ಮೊಟ್ಟೆ ಬಿಸಿಲಿಗೆ ಬೆಂದುಹೋಗಬಹುದು.

ನಿಯಮ, ನಿವಾಸಿ, ಸಾಕ್ಷ್ಯ

ಸ್ಮಾರಕಗಳಲ್ಲಿ ಚಿತ್ರ ತೆಗೆಯಲು ಈಗ ಹಿಂದಿನಷ್ಟು ಅಡ್ಡಿಯಿಲ್ಲ. ಅಜಂತಾ ಗುಹೆಗಳು, ಲೇಹ್ ಅರಮನೆ, ತಾಜ್ ಮಹಲಿನ ಸಮಾಧಿ ಕೋಣೆಗಳನ್ನು ಹೊರತುಪಡಿಸಿ ತನ್ನ ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಛಾಯಾಗ್ರಹಣಕ್ಕೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 2018ರ ಜುಲೈನಲ್ಲಿ ಅವಕಾಶ ನೀಡಿತು. ಆದರೆ ಟ್ರೈಪಾಡ್, ಕೃತಕ ದೀಪ, ಚಲನಚಿತ್ರ ಅಥವಾ ವಾಣಿಜ್ಯ ಚಿತ್ರೀಕರಣಕ್ಕೆ ಪೂರ್ವಾನುಮತಿ ಬೇಕು. ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮಗಳ ಜೊತೆಗೆ ಇಲಾಖೆಯ ಅನುಮತಿಯನ್ನೂ ಪಡೆಯಬೇಕು. ವಿವಾಹಪೂರ್ವ ಚಿತ್ರೀಕರಣದ ತಂಡಗಳು ಬಣ್ಣದ ಹೊಗೆಯುಂಡೆಗಳೊಂದಿಗೆ ಬಂದು ಕಾವಲುಗಾರರೊಡನೆ ವಾದಕ್ಕಿಳಿಯುವುದು ಇಂತಹ ತಾಣಗಳಲ್ಲಿ ಸಾಮಾನ್ಯ ನೋಟವಾಗಿದೆ.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಸ್ಮಾರಕಗಳ ನೆರೆಹೊರೆಯವರದು. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ವಲಯ. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಹೆಜ್ಜೆಗೊಂದು ಸ್ಮಾರಕವಿರುವ ವಿಜಯಪುರದಲ್ಲಿ ಈ ವಲಯಗಳು ಒಂದರ ಮೇಲೊಂದು ಹಾಯ್ದು ಹಳೆಯ ಊರಿನ ದೊಡ್ಡ ಭಾಗವನ್ನೇ ಆವರಿಸುತ್ತವೆ. ತಲೆಮಾರುಗಳಿಂದ ಅಲ್ಲೇ ಬಾಳಿದ ಕುಟುಂಬಕ್ಕೆ ಸೋರುವ ಮಾಳಿಗೆಯ ದುರಸ್ತಿಗೂ ಕಾಗದಪತ್ರದ ಅಲೆದಾಟ. ಇನ್ನೊಂದೆಡೆ ಕೋಟೆಗೋಡೆಗೆ ಒರಗಿಯೇ ಹೊಸ ಗೋಡೆಗಳು ಎದ್ದಿರುವುದೂ ಸುಳ್ಳಲ್ಲ. ಇಂತಹ ವಿವಾದದಲ್ಲಿ ದಿನಾಂಕವಿರುವ ಹಳೆಯ ಛಾಯಾಚಿತ್ರ ಇಬ್ಬರಿಗೂ ಬೇಕಾಗುತ್ತದೆ: ಅತಿಕ್ರಮಣ ಇತ್ತೀಚಿನದೆಂದು ತೋರಿಸಲು ಇಲಾಖೆಗೆ, ಮನೆ ಹಿಂದಿನಿಂದಲೂ ಇತ್ತೆಂದು ತೋರಿಸಲು ನಿವಾಸಿಗೆ. ಬಿಗ್ಸ್, ಕಸಿನ್ಸ್‌ರ ಕಾಲದ ಚಿತ್ರಗಳಲ್ಲಿ ಹೆಚ್ಚಿನವು ಬ್ರಿಟಿಷ್ ಗ್ರಂಥಾಲಯದಂತಹ ದೂರದ ಸಂಗ್ರಹಗಳಲ್ಲಿವೆ. ಊರಿನ ಹಳೆಯ ಸ್ಟುಡಿಯೋಗಳ ಪೆಟ್ಟಿಗೆಗಳಲ್ಲಿ, ಮನೆಗಳ ಮದುವೆ ಆಲ್ಬಮ್ಮುಗಳಲ್ಲಿ ಹಿನ್ನೆಲೆಯಾಗಿ ಬಂದುಹೋದ ಗೋಡೆ, ಬುರುಜು, ಬಾವಡಿಗಳನ್ನು ಯಾರೂ ಪಟ್ಟಿ ಮಾಡಿದಂತಿಲ್ಲ. ಗೆದ್ದಲು ಅವುಗಳನ್ನು ಬಿಡುವುದಿಲ್ಲ.

ಕಲಬುರಗಿ, ಬೀದರ್, ಹೈದರಾಬಾದಿನ ಸ್ಮಾರಕಗಳೊಂದಿಗೆ ಬಿಜಾಪುರವೂ ದಖ್ಖನಿ ಸುಲ್ತಾನರ ಸ್ಮಾರಕಗಳ ಹೆಸರಿನಲ್ಲಿ 2014ರಲ್ಲಿ ಯುನೆಸ್ಕೋದ ಸಂಭಾವ್ಯ ಪಟ್ಟಿ ಸೇರಿತು. ಅದೇ ವರ್ಷದ ನವೆಂಬರ್ 1ರಂದು ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ಹೀಗಾಗಿ ಹಳೆಯ ಚಿತ್ರಗಳನ್ನು ಹುಡುಕುವವರು ಎರಡೂ ಹೆಸರುಗಳಲ್ಲಿ, ಆಂಗ್ಲರ ಹಳೆಯ ಕಾಗುಣಿತದಲ್ಲಿಯೂ ಹುಡುಕುವುದು ಅಗತ್ಯ.

ನಗರಕ್ಕೆ ಸೊಲ್ಲಾಪುರ ಮತ್ತು ಗದಗ ಕಡೆಯಿಂದ ರೈಲು ಸಂಪರ್ಕವಿದೆ. ಸೊಲ್ಲಾಪುರ ಸುಮಾರು 100 ಕಿ.ಮೀ. ದೂರ. ನಗರದ ಸ್ಮಾರಕಗಳಿಗೆ ಎರಡು ಪೂರ್ಣ ದಿನ, ತೊರವಿ–ತಿಕೋಟಾ ಮಾರ್ಗಕ್ಕೆ ಒಂದು ದಿನ, ಬಬಲೇಶ್ವರ–ಮಮದಾಪುರಕ್ಕೆ ಮತ್ತೊಂದು ದಿನ ಇಟ್ಟುಕೊಂಡರೆ ಅವಸರವಾಗದು. ಒಣಹವೆಯಲ್ಲಿ ಎರೆಮಣ್ಣಿನ ನುಣ್ಣನೆಯ ಧೂಳು ಲೆನ್ಸಿನ ಸಂದುಗಳಲ್ಲಿ ಸೇರುತ್ತದೆ, ಆದ್ದರಿಂದ ಹೊಲದಲ್ಲಿ ನಿಂತು ಲೆನ್ಸ್ ಬದಲಿಸಬಾರದು. ಮಳೆ ಬಿದ್ದ ಮರುದಿನ ಅದೇ ಮಣ್ಣು ಚಪ್ಪಲಿಗೂ ಚಕ್ರಕ್ಕೂ ಹಿಡಿದು ಬಿಡುವುದಿಲ್ಲ. ಡೋಣಿ ದಂಡೆಯ ಹೊಲದ ದಾರಿಗಳಿಗೆ ಆಗ ವಾಹನ ಇಳಿಸದಿರುವುದು ಒಳಿತು.